ಒಂಬತ್ತನೆಯ ಗುಂಡು

ನಮ್ಮಣ್ಣ ಸೈಕಲ್ ರಿಪೇರಿ ಮಾಡುವವನು. ಅಂಗಡಿ ಒಂದೇ, ಎಡಕ್ಕೆ ಅವನ ಗ್ರೀಸು, ಬಲಕ್ಕೆ ನನ್ನ ಹೊಲಿಗೆ ಯಂತ್ರ, ನಡುವೆ ಸೊಂಟದೆತ್ತರದ ಹಲಗೆ. ಹಲಗೆಯಾಚೆ ನಾನು ಕೈ ಹಾಕುವಂತಿಲ್ಲ, ಈಚೆ ಅವನು ಕೈ ಇಡುವಂತಿಲ್ಲ. ಮೂಗು ಮಾತ್ರ ನಾನು ದಿನವಿಡೀ ತೂರಿಸುತ್ತೇನೆ. ಅದ್ಯಾಕೆ ಹಾಗೆ ತಿರುಗಿಸ್ತೀಯ, ಇದನ್ಯಾಕೆ ಬಿಗಿ ಮಾಡಲ್ಲ ಎಂದು ಇಪ್ಪತ್ತೆರಡು ವರ್ಷದಿಂದ ಅವನ ತಲೆ ತಿನ್ನುತ್ತಿದ್ದೇನೆ. ಹತ್ತು ಪ್ರಶ್ನೆಗೆ ಒಂದು ಉತ್ತರ ಸಿಕ್ಕರೆ ಅದೇ ಪುಣ್ಯ.

ಬೀದಿಯವರು ಅವನಿಗಿಟ್ಟ ಅಡ್ಡಹೆಸರು ‘ಇನ್ನೊಂದ್ಸಲ’. ಚಕ್ರದ ನಡುವಿನ ಹಬ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ಮೆತ್ತಿ ಉಕ್ಕಿನ ಗುಂಡುಗಳನ್ನು ಕೂರಿಸುತ್ತಾನೆ. ಹಿಂದಿನ ಚಕ್ರಕ್ಕೆ ಒಂದೊಂದು ಬದಿಗೂ ಒಂಬತ್ತು. ಆಮೇಲೆ ಆಕ್ಸಲ್ ತೂರಿಸಿ, ಅದರ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾನೆ. ಬೆರಳು ಒಪ್ಪದಿದ್ದರೆ ‘ಇನ್ನೊಂದ್ಸಲ’ ಎಂದು ಮೊದಲಿಂದ ಬಿಚ್ಚುತ್ತಾನೆ. ಗಿರಾಕಿ ಎದುರಿಗೇ ತಲೆ ಚಚ್ಚಿಕೊಂಡರೂ ಅವನಿಗೆ ಕೇಳಿಸದು.

ಇಂಥವನು ಮಾಡಿಕೊಟ್ಟ ಚಕ್ರ ಒಂದೇ ವಾರದಲ್ಲಿ ಎರಡು ಸಲ ವಾಪಸ್ ಬಂತು. ಸೈಕಲ್ಲು ನರ್ಸಮ್ಮನದು. ಬಾಣಂತಿಯರನ್ನು ನೋಡಲು ಮನೆಮನೆ ಸುತ್ತುವ ಹೆಂಗಸು, ಸೈಕಲ್ಲಿಲ್ಲದಿದ್ದರೆ ಆಕೆಗೆ ಕಾಲೇ ಇಲ್ಲ. ಹಿಂದಿನ ಚಕ್ರ ಅಲ್ಲಾಡುತ್ತೆ, ಒಳಗೆ ಕಟಕಟ ಅನ್ನುತ್ತೆ ಎಂದಳು. ಬಿಚ್ಚಿ ನೋಡಿದರೆ ಒಂದು ಬದಿಯಲ್ಲಿ ಎಂಟೇ ಗುಂಡು. ಎರಡನೆಯ ಸಲವೂ ಎಂಟೇ. ಮೂರನೆಯ ಸಲ ಬಂದರೆ ಅಂಗಡಿ ಮುಚ್ಚಿಬಿಡುತ್ತೇನೆ ಎಂದ ಅಣ್ಣ. ತಮಾಷೆಗೆ ಹೇಳಿದ್ದಲ್ಲ. ಮುಖ ಇಷ್ಟೇ ಇಷ್ಟಾಗಿತ್ತು.

ಹೋದ ಗುಂಡು ಹೋದದ್ದೆಲ್ಲಿಗೆ? ಅವನ ಪ್ರಕಾರ ನನ್ನ ಗುಂಡಿ ಡಬ್ಬಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿಯನ್ನು ಅವನೆದುರಿಗೇ ಬೋರಲು ಹಾಕಿದೆ. ಅಂಗಿ ಗುಂಡಿ, ಲಂಗದ ಹುಕ್ಕು, ಮುರಿದ ಸೂಜಿ ಬಿಟ್ಟರೆ ಏನೂ ಇಲ್ಲ. ಬಾಯಿಗೆ ಬಂದಂತೆ ಬೈದೆ, ನೆಲವನ್ನೂ ಗುಡಿಸಿದೆ. ಬೈದು ಮುಗಿದ ಮೇಲೆ ತಲೆಯಲ್ಲಿ ಹುಳ ಕೊರೆಯಲು ಶುರುವಾಯಿತು. ಎಣಿಸಿಯೇ ಹಾಕುತ್ತಾನೆ, ನಾನೇ ಕೇಳಿಸಿಕೊಂಡಿದ್ದೇನೆ. ಹಾಗಾದರೆ ಹಾಕಿದ್ದು ಹೊರಗೆ ಬರುವುದು ಹೇಗೆ?

ಮರುದಿನ ರವಿಕೆಗೆ ಕಾಜಾ ಹಾಕುವ ನೆಪದಲ್ಲಿ ಹಲಗೆಯ ಪಕ್ಕ ಕೂತು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಅಣ್ಣ ನರ್ಸಮ್ಮನ ಚಕ್ರಕ್ಕೆ ಒಂದೊಂದೇ ಗುಂಡು ಎತ್ತಿ ಗ್ರೀಸಿನಲ್ಲಿ ಒತ್ತಿದ. ಒಂಬತ್ತು ಎಂದ. ಕೈ ಹಿಂದಕ್ಕೆಳೆದುಕೊಂಡು, ಪಕ್ಕದಲ್ಲಿದ್ದ ಚಹಾ ಲೋಟ ಎತ್ತಿ ಕುಡಿದ. ಅವನ ಉಂಗುರದ ಬೆರಳಿನ ಒಳಬದಿಯಲ್ಲಿ ಗ್ರೀಸಿಗೆ ಅಂಟಿಕೊಂಡು ಗುಂಡೊಂದು ಮಿರಮಿರ ಮಿಂಚುತ್ತಿತ್ತು. ಲೋಟಕ್ಕೂ ಬೆರಳಿಗೂ ನಡುವೆ ಕಡಲೆಕಾಳಿನಷ್ಟು ಉಕ್ಕು ಒತ್ತುತ್ತಿದ್ದರೂ ಅವನಿಗೆ ಅದರ ಪರಿವೆಯೇ ಇಲ್ಲ.

ಕಳ್ಳ ಸಿಕ್ಕಿದ ಎಂದು ಕೂಗಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ.

“ಅಣ್ಣ, ಬೆರಳು ನೋಡ್ಕೋ,” ಎಂದೆ.

ನೋಡಿಕೊಂಡ. ಲೋಟ ಕೆಳಗಿಟ್ಟ. ಆಮೇಲೆ ತಾನೇ ಬಾಯಿ ಬಿಟ್ಟ. ಬೆರಳು ಹೀಗಾಗಿ ನಾಲ್ಕು ತಿಂಗಳಾಯಿತಂತೆ. ಮೊದಲು ಜುಮುಜುಮು ಅನ್ನುತ್ತಿತ್ತಂತೆ, ಈಗ ಅದೂ ಇಲ್ಲ. ಬಿಸಿ ಲೋಟವೂ ತಣ್ಣನೆ ಸ್ಪ್ಯಾನರೂ ಒಂದೇ. ಅತ್ತಿಗೆಗೂ ಹೇಳಿರಲಿಲ್ಲ. ಬೆರಳಿಗೆ ಗೊತ್ತಾಗದ ಮೇಲೆ ತಾನ್ಯಾವ ಸೀಮೆ ಮೆಕ್ಯಾನಿಕ್ಕು ಎಂದ.

ಸಂಜೆಗೆ ನರ್ಸಮ್ಮ ಬರುವವಳಿದ್ದಳು. ನಾನು ಹಲಗೆ ದಾಟಿದೆ. ಅವನು ಬೇಡ ಎನ್ನಲಿಲ್ಲ. ಅವನು ಹೇಳಿದ, ನಾನು ಮಾಡಿದೆ. ಗುಂಡು ಕೂರಿಸಿ, ಕೈ ಒರೆಸಿಕೊಂಡು ಮತ್ತೆ ಎಣಿಸಿದೆ. ಆಕ್ಸಲ್ ತೂರಿಸಿ, ಗುಂಡುಗಳನ್ನು ಅದುಮಿ ಹಿಡಿಯುವ ಕೋನನ್ನು ಎರಡು ಬದಿಯಿಂದ ತಿರುಗಿಸಿದೆ. ಬಿಗಿಯಾದರೆ ಒಳ್ಳೆಯದೆಂದು ಇನ್ನಷ್ಟು ತಿರುಗಿಸಿದ್ದೇ, ಚಕ್ರ ಮರಳು ತಿಂದಂತೆ ಕರಕರ ಎಂದಿತು. ನಿನ್ನ ರವಿಕೆಯಲ್ಲ ಅದು, ಉಸಿರಾಡೋಕೆ ಬಿಡು ಎಂದು ರೇಗಿದ. ಆ ರೇಗಾಟ ಕೇಳಿ ಜೀವಕ್ಕೆ ಸಮಾಧಾನವಾಯಿತು. ಕಾಲು ಸುತ್ತು ಸಡಿಲಿಸಿ, ಆಕ್ಸಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ.

“ಏನನ್ಸತ್ತೆ?”

“ಒಂದು ಕೂದಲಷ್ಟು ಆಡತ್ತೆ.”

“ಅಷ್ಟಿರಲಿ. ಇನ್ನು ಹೊರಗಿನ ನಟ್ಟು ಬಿಗಿ.”

ಚಕ್ರವನ್ನು ಸೈಕಲ್ಲಿಗೆ ಕೂರಿಸಿ ಬಿಗಿದೆ. ಆ ಕೂದಲಷ್ಟು ಅಲ್ಲಾಟ ಮಾಯ. ಚಕ್ರ ಸದ್ದಿಲ್ಲದೆ ತಿರುಗಿತು. ಇದನ್ಯಾಕೆ ಬಿಗಿ ಮಾಡಲ್ಲ ಎಂದು ಇಪ್ಪತ್ತೆರಡು ವರ್ಷ ನಾನು ಕೇಳುತ್ತಲೇ ಇದ್ದ ಪ್ರಶ್ನೆಗೆ ಉತ್ತರ ನನ್ನ ಬೆರಳಿಗೇ ಸಿಕ್ಕಿತ್ತು. ಖುಷಿಪಡಲು ನಾಚಿಕೆಯಾಯಿತು.

ನರ್ಸಮ್ಮ ಬಂದು ಚಕ್ರ ತಿರುಗಿಸಿ ನೋಡಿದಳು, ಈಗ ನೋಡಿ, ಇದು ನಿಮ್ಮ ಕೈಯ ಕೆಲಸ ಎಂದಳು. ಅಣ್ಣ ತಲೆಯಾಡಿಸಿ ಸುಮ್ಮನಿದ್ದುಬಿಡಬಹುದಿತ್ತು.

“ನನ್ನ ಕೈಯಲ್ಲ ಸಿಸ್ಟರ್. ನಮ್ಮ ತಂಗೀದು. ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ,” ಎಂದ.

ಆಕೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಗ್ರೀಸಾದರೂ ಪರವಾಗಿಲ್ಲ, ಕೈ ಚಾಚಿ ಕಣ್ಣು ಮುಚ್ಚಿ ಎಂದಳು. ಒಂದೊಂದೇ ಬೆರಳು ಮುಟ್ಟುತ್ತೇನೆ, ಯಾವುದೆಂದು ಹೇಳಿ ಎಂದಳು. ಅಣ್ಣ ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು ಕೈ ಚಾಚಿದ. ಆಕೆ ಹೆಬ್ಬೆರಳಿನ ತುದಿ ಒತ್ತಿದಳು, ತೋರುಬೆರಳು ಒತ್ತಿದಳು, ಕಡೆಗೆ ಐದರ ತುದಿಗಳನ್ನೂ ಒಟ್ಟಿಗೆ ಹಿಡಿದು ಅದುಮಿದಳು.

ಅಣ್ಣ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ.

“ಶುರು ಮಾಡಿ ಸಿಸ್ಟರ್,” ಎಂದ.