ಕಾಕಿಯ ಎರಡೂವರೆ ತಾಸು

ಹೋದ ವಾರ ಮುದ್ದೇಬಿಹಾಳದ ದರ್ಜಿ ಅಂಗಡಿಯಿಂದ ಹೊಸ ಜಂಪರ ತಂದು ಬಿಚ್ಚಿ ನೋಡಿದರೆ ತೋಳಿನ ಮಡಿಕೆಯಲ್ಲಿ ಮಶೀನಿನ ಎಣ್ಣೆಯ ಸಣ್ಣ ಕಲೆ. ಬೇರೆ ದಿನವಾಗಿದ್ದರೆ ವಾಪಸು ಹೋಗಿ ಜಗಳ ತೆಗೆದೇ ಬರುತ್ತಿದ್ದೆ, ನನ್ನ ಸ್ವಭಾವವೇ ಅಂಥದ್ದು. ಅವತ್ತು ಮಾತ್ರ ಆ ಅರಿವೆಯನ್ನು ಮೂಗಿಗೆ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ. ಮಶೀನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ಗೀಟು ಹಾಕುವ ಸುಣ್ಣದ ಬಿಲ್ಲೆಯ ಪುಡಿ... ಹೂವಿನ ಹಿಪ್ಪರಗಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಿಯ ಪಡಸಾಲೆ ಯಾವಾಗಲೂ ಹೀಗೇ ವಾಸನೆ ಬರುತ್ತಿತ್ತು.

ಕಾಕಿ ಅಂದರೆ ರಕ್ತಸಂಬಂಧವೇನಲ್ಲ. ನಡುವೆ ಒಂದು ಗೋಡೆ, ಅಷ್ಟೇ. ನಾನು ಅವಳ ಮಶೀನಿನ ಕೆಳಗೆ ಬಿದ್ದ ಚಿಂದಿ ಆರಿಸುತ್ತ ಬೆಳೆದವಳು. ಊರಿನ ಅರ್ಧ ಹೆಂಗಸರ ಜಂಪರ ಅವಳೇ ಹೊಲಿಯುತ್ತಿದ್ದಳು. ಆದರೆ ಅವಳ ಜೀವ ಹೊಲಿಗೆಯಲ್ಲಿರಲಿಲ್ಲ. ಮದುವೆಗೆ ಮೊದಲೇ ಡಿ.ಎಡ್. ಮುಗಿಸಿದ್ದಳು, ಸರಕಾರಿ ಸಾಲಿಯ ಟೀಚರ್ ಆಗಬೇಕು ಎಂಬುದೊಂದೇ ಹಟ. ಅದಕ್ಕೆ ಮೊದಲು ಟಿಇಟಿ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕಿತ್ತು. ಮೂರು ಸಲ ಬರೆದಿದ್ದಳು, ಮೂರು ಸಲವೂ ಕೂದಲೆಳೆಯಷ್ಟರಲ್ಲಿ ಫೇಲಾಗಿದ್ದಳು. ನೇಮಕಾತಿಗೆ ವಯಸ್ಸು ಮೀರುವ ಹೊತ್ತಾಗಿತ್ತು. ಇದೊಂದು ಸಲ ಬರಿ, ಆಮೇಲೆ ಆ ಪುಸ್ತಕ ನನ್ನ ಕಣ್ಣಿಗೆ ಬೀಳಬಾರದು ಎಂದು ಅವಳ ಗಂಡ, ನಮ್ಮ ಕಾಕಾ, ಖಡಾಖಂಡಿತ ಹೇಳಿಬಿಟ್ಟಿದ್ದರು.

ಅದೇ ವರ್ಷ ನನ್ನ ನೀಟ್ ಫಲಿತಾಂಶ ಬಂತು. ಹತ್ತನೆಯ ಇಯತ್ತೆಯಲ್ಲಿ ಒಂದಿಷ್ಟು ಹೆಸರು ಮಾಡಿದ್ದೆನೆಂದು ಓಣಿಯವರೆಲ್ಲ ನನ್ನನ್ನು ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ನಾನೂ ಆ ಹೆಸರಿಗೆ ಓಗೊಡುತ್ತಿದ್ದೆ, ಏನು ಧಿಮಾಕು. ಬಂದ ಅಂಕ ನೋಡಿದರೆ ಯಾವ ಕಾಲೇಜೂ ಗೇಟಿನೊಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದೆ. ಅವ್ವ ತಾಟು ಇಟ್ಟು ಹೋಗುತ್ತಿದ್ದಳು, ಹಾಗೇ ಎತ್ತಿಕೊಂಡು ಹೋಗುತ್ತಿದ್ದಳು. ಅಪ್ಪ ಬಾಗಿಲತನಕ ಬಂದು ಕೆಮ್ಮಿ ತಿರುಗಿ ಹೋಗುತ್ತಿದ್ದ.

ಐದನೆಯ ದಿನ ಕಾಕಿ ಬಂದಳು. ಕೊರಳಲ್ಲಿ ಟೇಪು ಜೋತಾಡುತ್ತಿತ್ತು, ಕೈಯಲ್ಲಿ ಹಳೆಯ ಪ್ರಶ್ನೆಪತ್ರಿಕೆ. ಸಮಾಧಾನದ ಮಾತು ಆಡಿದ್ದರೆ ಚಾದರ ಎಳೆದುಕೊಂಡು ಮತ್ತೆ ಮಲಗುತ್ತಿದ್ದೆ.

"ಏಳವ್ವಾ. ನನಗ ಟೈಮ್ ನೋಡಾಕ ಒಬ್ಬರು ಬೇಕಾಗ್ಯಾರ," ಎಂದಳು.

ಎದ್ದೆ. ಯಾಕೆ ಎದ್ದೆನೋ ಇವತ್ತಿಗೂ ಗೊತ್ತಿಲ್ಲ... ನನ್ನಿಂದ ಯಾರಿಗೋ ಏನೋ ಉಪಯೋಗ ಇದೆ ಅನ್ನಿಸಿರಬೇಕು.

ಅಲ್ಲಿಂದ ನಮ್ಮಿಬ್ಬರ ಓದು ಒಟ್ಟಿಗೇ ನಡೆಯಿತು. ನಾನೂ ಇನ್ನೊಂದು ಸಲ ನೀಟ್ ಬರೆಯುವುದೆಂದು ಆಯಿತು. ವಾರವೆಲ್ಲ ಅವರವರ ಪುಸ್ತಕ, ಭಾನುವಾರ ಮಧ್ಯಾಹ್ನ ಪರೀಕ್ಷೆ. ಒಂದು ಭಾನುವಾರ ನನ್ನದು, ಒಂದು ಭಾನುವಾರ ಅವಳದು. ಉತ್ತರದ ಗುಂಡು ತುಂಬುವ ಹಾಳೆಗಳನ್ನು ಕಾಕಾ ಬಾಗೇವಾಡಿಯಿಂದ ಝೆರಾಕ್ಸ್ ಮಾಡಿಸಿ ತರುತ್ತಿದ್ದರು. ನನ್ನ ಪಾಳಿಯಲ್ಲಿ ಕಾಕಿ ಮಹಾ ಬಿಗಿ. ಹೊತ್ತು ಮುಗಿಯಿತೆಂದರೆ ಮುಗಿಯಿತು, ಅರ್ಧ ತುಂಬಿದ ಗುಂಡನ್ನು ಹಾಗೇ ಬಿಡಿಸಿ ಹಾಳೆ ಕಸಿದುಕೊಳ್ಳುತ್ತಿದ್ದಳು. ಒಂದೇ ನಿಮಿಷ ಎಂದು ಅತ್ತರೂ ಕೇಳುತ್ತಿರಲಿಲ್ಲ. ಆ ಸಿಟ್ಟಿಗೆ ನಾನು ಎರಡು ದಿನ ಮಾತು ಬಿಟ್ಟದ್ದೂ ಉಂಟು.

ಅವಳು ಬರೆಯುವ ರೀತಿಯೇ ಬೇರೆ. ಅರಿವೆಯ ಮೇಲೆ ಪೂರ್ತಿ ಗೀಟು ಹಾಕಿ, ಎರಡೆರಡು ಸಲ ಅಳತೆ ನೋಡಿ, ಆಮೇಲೆ ಕತ್ತರಿ ಹಿಡಿಯುವವಳು ತಾನೇ. ಪರೀಕ್ಷೆಯಲ್ಲೂ ಹಾಗೇ. ನೂರೈವತ್ತು ಪ್ರಶ್ನೆಗೂ ಉತ್ತರವನ್ನು ಮೊದಲು ಪ್ರಶ್ನೆಪತ್ರಿಕೆಯ ಮೇಲೆ ಚುಕ್ಕೆ ಇಟ್ಟು ಗುರುತು ಮಾಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಮೊದಲಿನಿಂದ ಗುಂಡು ತುಂಬಲು ಕೂರುವುದು. ಅಲ್ಲಲ್ಲೇ ತುಂಬು ಕಾಕಿ ಎಂದರೆ ಒಪ್ಪುತ್ತಿರಲಿಲ್ಲ.

"ಒಮ್ಮಿ ಕತ್ತರಿ ಆಡಿಸಿದ್ರ ಅರಿವಿ ಮತ್ತ ಕೂಡ್ತೈತೇನ? ಪೆನ್ನಿಲೆ ಕರಿ ಮಾಡಿದ ಗುಂಡನೂ ಹಂಗ. ತಪ್ಪಿದ್ರ ಅಳಸಾಕ ಬರಂಗಿಲ್ಲ."

ಅವಳ ಮಾತು ಸುಳ್ಳೇನೂ ಅಲ್ಲ. ಆದರೆ ಮೊದಲ ಸಲ ಎರಡೂವರೆ ತಾಸು ಮುಗಿದಾಗ ಇನ್ನೂ ಮೂವತ್ತಕ್ಕೂ ಹೆಚ್ಚು ಗುಂಡು ಖಾಲಿ ಇದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಅವತ್ತು ಸಂಜೆ ಯಾರದೋ ಜಂಪರಕ್ಕೆ ಎಡತೋಳು ಬಲಕ್ಕೆ ಹಚ್ಚಿ ಹೊಲಿದಳು, ಬಿಚ್ಚಿದಳು, ಮತ್ತೆ ತಪ್ಪು ಹೊಲಿದಳು. ಗೋಡೆಯಾಚೆಯಿಂದ ಮಶೀನು ನಿಂತು ನಿಂತು ಓಡುವುದನ್ನು ಕೇಳುತ್ತ ಕೂತಿದ್ದೆ.

ಅವಳ ಮುಂದಿನ ಪಾಳಿಯ ದಿನ, ನಡುವೆ ಇಬ್ಬರು ಗಿರಾಕಿಗಳು ಬಂದರು. ಅಳತೆ ಕೊಟ್ಟು ಹೋಗುವಷ್ಟರಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ನಾನು ಎಣಿಸಲಿಲ್ಲ. ಅದು ನ್ಯಾಯವೇ, ಪರೀಕ್ಷೆಯಲ್ಲಿ ಗಿರಾಕಿ ಬರುವುದಿಲ್ಲವಲ್ಲ. ಅದರ ಮುಂದಿನ ಸಲ ಒಲೆಯ ಮೇಲೆ ಹಾಲು ಉಕ್ಕಿತು, ಅದನ್ನೂ ಬಿಟ್ಟೆ. ಆಮೇಲಾಮೇಲೆ ಯಾರೂ ಬರದಿದ್ದರೂ, ಏನೂ ಉಕ್ಕದಿದ್ದರೂ ಹತ್ತಿಪ್ಪತ್ತು ನಿಮಿಷ ಎಣಿಸದೆ ಬಿಡತೊಡಗಿದೆ. ಅವಳು ತಲೆ ಬಗ್ಗಿಸಿ ಗುಂಡು ತುಂಬುತ್ತಿರುತ್ತಿದ್ದಳು, ಕಣ್ಣೆತ್ತಿ ಗಡಿಯಾರ ನೋಡುತ್ತಲೇ ಇರಲಿಲ್ಲ. ನೋಡಲು ನಾನಿದ್ದೆನಲ್ಲ.

"ಟೈಮಿನ್ಯಾಗ ಮುಗೀತೇನ?"

"ಮುಗೀತ ಕಾಕಿ. ಇನ್ನೂ ಎರಡು ನಿಮಿಷ ಅದಾವ."

ಆಗ ಅವಳು ನಗುತ್ತಿದ್ದಳು. ನಮ್ಮ ಮನೆಯಲ್ಲಿ ಯಾರೂ ನಗದೆ ತಿಂಗಳುಗಳಾಗಿದ್ದವು. ಆ ನಗು ನನಗೆ ಬೇಕಾಗಿತ್ತು, ಮುಚ್ಚುಮರೆ ಏಕೆ. ಅವಳ ಹಿತಕ್ಕೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ... ಖರೆ ಹೇಳಬೇಕೆಂದರೆ ನನ್ನ ಹಿತಕ್ಕೇ ಮಾಡಿಕೊಂಡೆ.

ಪರೀಕ್ಷೆಗೆ ಬಿಜಾಪುರದ ತನಕ ಜೊತೆಗೆ ಹೋಗಿದ್ದೆ. ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ, ಕೂಸು ಎತ್ತಿಕೊಂಡ ಗಂಡಂದಿರ ನಡುವೆ ಕೂತು ಕಾದೆ. ಗಂಟೆ ಹೊಡೆಯಿತು. ಎಲ್ಲರೂ ಬಂದರು. ಕಾಕಿ ಎಲ್ಲರಿಗಿಂತ ಕೊನೆಗೆ ಬಂದಳು, ಪ್ರಶ್ನೆಪತ್ರಿಕೆಯನ್ನು ಎದೆಗೆ ಅವಚಿಕೊಂಡು. ವಾಪಸು ಬರುವಾಗ ಬಸ್ಸು ಬಾಗೇವಾಡಿ ದಾಟಿತು.

"ಅಲ್ಲಿ ಗಡಿಯಾರ ಭಾಳ ಜೋರ ಓಡಾಕತ್ತಿತ್ತವ್ವಾ," ಎಂದಳು ಆಮೇಲೆ. "ಇನ್ನೂ ನಲವತ್ತು ಗುಂಡು ಉಳಿದಿದ್ವು. ಕಸಗೊಂಡ್ರು."

ನಾನು ಕಿಟಕಿಯ ಹೊರಗೆ ನೋಡಿದೆ. ತೊಗರಿ ಹೊಲ ಹಿಂದೆ ಹಿಂದೆ ಸರಿಯುತ್ತಿತ್ತು. ಈಗ ಹೇಳು, ಈಗಲೇ ಹೇಳು ಎಂದು ಒಳಗೆ ಏನೋ ಬಡಿದುಕೊಳ್ಳುತ್ತಿತ್ತು. ಬಸ್ಸಿನ ಟಿಕೀಟು ಮಡಿಚುತ್ತ ಕೂತೆ.

ಸರಿಯುತ್ತರಗಳು ಬಂದ ದಿನ ಅವಳೇ ಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಚುಕ್ಕೆ ಇಟ್ಟಲ್ಲೆಲ್ಲ ನಾನು ತಾಳೆ ನೋಡುತ್ತ ಹೋದೆ. ಸರಿ, ಸರಿ, ತಪ್ಪು, ಸರಿ... ಪಾಸಾಗಲು ಬೇಕಾದದ್ದಕ್ಕಿಂತ ಹದಿನೆಂಟು ಹೆಚ್ಚು. ತುಂಬಿದ ಗುಂಡುಗಳಷ್ಟನ್ನೇ ಎಣಿಸಿದರೆ ಮತ್ತೆ ಫೇಲು.

"ಎಲ್ಲಾ ಬರತಿತ್ತಲ್ಲ ನನಗ," ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನೂ ಅತ್ತು ಬಾಯಿಬಿಡುತ್ತಿದ್ದೆನೇನೋ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಸಿಕ್ಕಿಸಿಕೊಂಡು ಹೋದಳು. ಮತ್ತೆ ಅವಳು ಯಾವ ಪರೀಕ್ಷೆಯನ್ನೂ ಬರೆಯಲಿಲ್ಲ.

ನನ್ನ ಪರೀಕ್ಷೆ ಹತ್ತಿರವಾದಂತೆ ಅವಳೇ ಬಂದು ಟೈಮು ನೋಡುತ್ತಿದ್ದಳು, ಮೊದಲಿನಷ್ಟೇ ಬಿಗಿಯಾಗಿ. ಎರಡನೆಯ ಸಲ ನನಗೆ ಅಂಕ ಹೆಚ್ಚಿತು, ಆದರೆ ಡಾಕ್ಟರ್ ಆಗುವಷ್ಟಲ್ಲ. ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ. ನಾನೂ ಟಿಇಟಿ ಬರೆಯಬೇಕಾಯಿತು. ಓದಿದ ಪ್ರಶ್ನೆಗೆ ಅಲ್ಲಲ್ಲೇ ಗುಂಡು ತುಂಬುತ್ತ ಹೋದೆ. ಒಂದೇ ಸಲಕ್ಕೆ ಪಾಸು. ಸುದ್ದಿ ಕೇಳಿ ಕಾಕಿ ಓಣಿಗೆಲ್ಲ ಸಕ್ಕರೆ ಹಂಚಿದಳು, ತನ್ನ ಮಗಳೇ ಪಾಸಾದಳೇನೋ ಎನ್ನುವ ಹಾಗೆ. ಸಕ್ಕರೆ ಬಾಯಿಗೆ ಹಾಕುವಾಗ ಅವಳ ಬೆರಳಿಗೆ ಮಶೀನಿನ ಎಣ್ಣೆಯ ವಾಸನೆ ಇತ್ತು. ಅವತ್ತು ಹೇಳಬೇಕೆಂದಿದ್ದೆ. ಮುಂದಿನ ಸಲ ಊರಿಗೆ ಬಂದಾಗ ಹೇಳಿದರಾಯಿತು ಎಂದು ಬಿಟ್ಟೆ. ಆ ಮುಂದಿನ ಸಲಕ್ಕೆ ಮೊದಲೇ ಕಾಮಾಲೆ ಆಗಿ ಹದಿನೈದೇ ದಿನದಲ್ಲಿ ತೀರಿಕೊಂಡಳು. ನಾನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಮುದ್ದೇಬಿಹಾಳದ ಹತ್ತಿರದ ಸಾಲಿಯೊಂದರಲ್ಲಿ ಟೀಚರ್ ಆಗಿದ್ದೇನೆ. ಅವಳು ಕೂರಬೇಕಾಗಿದ್ದ ಕುರ್ಚಿ ಎಂದು ದಿನಾ ಅನ್ನಿಸುವುದಿಲ್ಲ, ಸುಳ್ಳು ಹೇಳಲಾರೆ. ಅನ್ನಿಸಿದ ದಿನ ಮಾತ್ರ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ.

ಜಂಪರ ತಂದ ಮೂರನೆಯ ದಿನ ಭಾನುವಾರ. ತಡೆಯಲಾರದೆ ಹಿಪ್ಪರಗಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು, ಬಹಳ ಇಳಿದುಹೋಗಿದ್ದಾರೆ. ಇವರಿಗಾದರೂ ಹೇಳಿಬಿಡೋಣ ಎಂದೇ ಪಕ್ಕದಲ್ಲಿ ಕೂತೆ. ಸಾಲಿಯ ಸುದ್ದಿ ಕೇಳಿದರು, ಮಳೆಯ ಸುದ್ದಿ ಹೇಳಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಅವಳ ಮಾತು ತೆಗೆದರು.

"ಕಡೀತನಕ ಒಂದ ಮಾತ ಅಂತಿದ್ಲವಾ ನಿಮ್ಮ ಕಾಕಿ. ಆ ಹುಡುಗಿ ಟೈಮ್ ನೋಡಿದಾಗ, ಮೊದಲನೇ ಸಲ ಬಿಟ್ರ, ನನ್ನ ಒಂದ ಗುಂಡೂ ಉಳೀಲಿಲ್ಲ, ಬಿಜಾಪುರದಾಗೂ ಆಕಿನ ಅಲ್ಲಿ ಕೂತಿದ್ರ ನಾ ಪಾಸ್ ಆಕ್ಕಿದ್ದೆ ಅಂತ. ಹೌದಲ್ಲ?"

ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಹತ್ತಿರ ಈಗ ಉಳಿದಿರುವುದು ಅದೊಂದೇ ಮಾತು.

"ಹೌದ್ರಿ ಕಾಕಾ," ಎಂದೆ.