ಸುಲೈಮಾನಿ ಹಿಡಿದು ಹಾಡಿದವರು

ಒಮಾನಿನ ಸಲಾಲಾದಲ್ಲಿ ನಮ್ಮ ಹಾಡುಗಾರರ ಗುಂಪಿಗೆ ಯುರೋಪಿನ ನಾನೂರು ವರ್ಷ ಹಳೆಯ ಹಾಡುಗಳನ್ನು ಕಲಿಸಿದ ಫ್ರೆಂಚ್ ಮೇಷ್ಟ್ರಿಗೆ ಜಗತ್ತಿನಲ್ಲಿ ಆಗದಿದ್ದದ್ದು ಒಂದೇ, ನಡುಗುವ ಸ್ವರ. ಆ ಕಾಲದ ಹಾಡಿನಲ್ಲಿ ಸ್ವರ ನೂಲು ಹಿಡಿದಂತೆ ನೆಟ್ಟಗಿರಬೇಕು ಎಂಬುದು ಅವರ ಹಠ. ಭಜನೆಯಲ್ಲಿ ಸ್ವರ ಬಳುಕಿಸಿಯೇ ಬೆಳೆದ ನಾನು ಅವರಿಗೆ ದೊಡ್ಡ ತಲೆನೋವು. ಗಂಡಸರ ಸಾಲಿನಲ್ಲಿ ಮಂಗಳೂರು ಕಡೆಯವರೇ ಹೆಚ್ಚೆಂದು ನನ್ನಿಂದ ಒಂದು ಕನ್ನಡ ಮಾತು ಕಲಿತಿದ್ದರು: "ನಡುಗಿಸಬೇಡಿ."

ಪ್ರತಿ ಶುಕ್ರವಾರ ನಮ್ಮ ಅಂಗೈ ಮೇಲೆ ತುಂಬಿದ ಸುಲೈಮಾನಿ ಗ್ಲಾಸ್ ಇಡಿಸಿ ಹಾಡಿಸುತ್ತಿದ್ದರು. ಆ ಕಪ್ಪು ಚಹಾ ಚೆಲ್ಲಿದರೆ ಸ್ವರ ನಡುಗಿತೆಂದೇ ಅರ್ಥ. ನನ್ನ ಪಕ್ಕ ನಿಲ್ಲುತ್ತಿದ್ದ ಬ್ಯಾರಿ ಅಂಗಡಿಯವರು ಹಾಡಿಗೆ ಮೊದಲೇ ಅರ್ಧ ಕುಡಿದುಬಿಡುತ್ತಿದ್ದರು. "ಇದ್ರೆ ಅಲ್ವಾ ಚೆಲ್ಲುದು ಮಾರಾಯ್ರೆ?"

ಫ್ರಾನ್ಸಿಗೆ ಮರಳುವ ಮುನ್ನಿನ ಶುಕ್ರವಾರ ಮೇಷ್ಟ್ರು ಗ್ಲಾಸ್ ಹಿಡಿದು ಎರಡು ಮಾತಾಡಲು ನಿಂತರು. ಮೊದಲ ವಾಕ್ಯಕ್ಕೇ ಸ್ವರ ನಡುಗಿತು, ಚಹಾ ಅಂಗಿಯ ತೋಳಿಗೆ ಇಳಿಯಿತು.

ಬ್ಯಾರಿ ಅಂಗಡಿಯವರು ಮೆತ್ತಗೆ ಹೇಳಿದರು, "ಸರ್, ನಡುಗಿಸಬೇಡಿ."

ಮೇಷ್ಟ್ರು ನಕ್ಕು, ಹಾಡಿಸಲು ಕೈಯೆತ್ತಿದರು. ನಾವು ತುಂಬಿದ ಗ್ಲಾಸ್‌ಗಳನ್ನು ಅಂಗೈ ಮೇಲಿಟ್ಟು ಹಾಡಿದೆವು. ಹಾಡು ಮುಗಿದಾಗ ಯಾರ ಗ್ಲಾಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಚಹಾ ಉಳಿದಿರಲಿಲ್ಲ. ಆ ದಿನ ಬ್ಯಾರಿ ಅಂಗಡಿಯವರೂ ಕುಡಿದಿರಲಿಲ್ಲ.