ತೆರೆದು ಬಿಟ್ಟ ಬಾವಿ

ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ಅಂತರ್ಯುದ್ಧ ಇನ್ನೂ ಮುಗಿದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಆ ಯುದ್ಧದ ನಡುವೆ ಸಿಕ್ಕಿಬಿದ್ದವರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರೂ ಇದ್ದರು. ವಾಪಸ್ ಬಂದ ದಿನ ಅವರಿಗೆ ಹಾರ ಹಾಕಿದೆವು, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡೆವು. ಮರುದಿನ ಮರೆತೆವು.

ಮೊನ್ನೆ ನ್ಯಾಮತಿಯ ಟೀ ಅಂಗಡಿಯೊಂದರಲ್ಲಿ ನಾಲ್ವರು ಮೊಬೈಲ್ ಹಿಡಿದು ಅದೇ ಯುದ್ಧದ ನಕ್ಷೆ ನೋಡುತ್ತಿದ್ದರು. ಕೆಂಪು ಬಾಣ ಒಂದು ಪಕ್ಷದ್ದು, ಹಸಿರು ಬಾಣ ಇನ್ನೊಂದರದ್ದು. ಯಾವ ಊರು ಯಾಕೆ ಬಿತ್ತು, ಯಾರ ಹತ್ತಿರ ಎಷ್ಟು ಡ್ರೋನ್ ಇವೆ ಎಂದು ಕ್ರಿಕೆಟ್ ಮ್ಯಾಚಿನ ಹಾಗೆ ವಾದ ನಡೆದಿತ್ತು. ಊರು ಹೇಗೆ ಬೀಳುತ್ತದೆ ಎಂಬುದನ್ನು ಕಣ್ಣಾರೆ ಕಂಡ ಹೆಂಗಸು ಅಲ್ಲಿಂದ ಒಂದೆರಡು ತಾಸಿನ ದಾರಿಯಲ್ಲಿ, ಸಂತೇಬೆನ್ನೂರಿನ ಸಂತೆಯಲ್ಲಿ, ತಲೆಗೆ ಹಚ್ಚುವ ಎಣ್ಣೆ ಮಾರುತ್ತಾ ಕುಳಿತಿರುತ್ತಾಳೆ. ಅವಳನ್ನು ಅವರ್ಯಾರೂ ಕೇಳಿಲ್ಲ.

ಅವಳ ಹೆಸರು ಚೌಡಕ್ಕ. ಐವತ್ತು ದಾಟಿದೆ. ಅಪ್ಪ ಹಕ್ಕಿ ಹಿಡಿಯುತ್ತಿದ್ದವನು. ಬೇಸಿಗೆ ಬಂದರೆ ಸಂಸಾರವೆಲ್ಲ ಬಲೆ ಹೊತ್ತು ಜಗಳೂರು ಕಡೆಯ ಕುರುಚಲು ಕಾಡಿಗೆ ಗೌಜಲಹಕ್ಕಿಗಾಗಿ ಹೋಗುತ್ತಿತ್ತು. ಹಕ್ಕಿಯ ಹಿಂದೆ ಓಡುವುದು ಅವರ ಪದ್ಧತಿಯಲ್ಲ. ಸುತ್ತಲಿನ ನೀರಿನ ಗುಂಡಿಗಳನ್ನು ಒಂದೊಂದಾಗಿ ಜಾಲಿಮುಳ್ಳಿನಿಂದ ಮುಚ್ಚುತ್ತಾರೆ. ಒಂದನ್ನು ಮಾತ್ರ ತೆರೆದು ಬಿಡುತ್ತಾರೆ. ಮೊದಲ ಎರಡು ದಿನ ಅದರ ಹತ್ತಿರವೂ ಸುಳಿಯುವುದಿಲ್ಲ, ಹಕ್ಕಿಗೆ ಧೈರ್ಯ ಬರಲಿ ಎಂದು. ಮೂರನೆಯ ದಿನ ಬಲೆ ಹಾಕುತ್ತಾರೆ. ಮುಳ್ಳು ಹೊರುವುದು ಚಿಕ್ಕಂದಿನಲ್ಲಿ ಚೌಡಕ್ಕನ ಕೆಲಸವಾಗಿತ್ತು.

ಕಾನೂನು ಬಂತು, ಹಕ್ಕಿ ಹಿಡಿಯುವುದು ನಿಂತಿತು. ಬೇರು, ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಅವಳನ್ನೂ ಗಂಡ ಧರ್ಮಪ್ಪನನ್ನೂ ಸುಡಾನಿನ ಪಶ್ಚಿಮ ಸೀಮೆಯ ಉಮ್ ಸಿದ್ರಾ ಎಂಬ ಪಟ್ಟಣದವರೆಗೆ ಕರೆದೊಯ್ದಿತು. ಅಲ್ಲಿ ಹವಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹವಾಳ ಮಗಳು ಆಮ್ನಾ ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಚೌಡಕ್ಕ ಪ್ರತಿ ಶುಕ್ರವಾರ ಹವಾಳ ತಲೆಗೆ ಎಣ್ಣೆ ತಿಕ್ಕುವಳು, ಹವಾ ಇವಳಿಗೆ ಕೆಂಪು ಹೂವಿನ ಷರಬತ್ತು ಮಾಡಿಕೊಡುವಳು.

ಇಬ್ಬರ ನಡುವೆ ಇದ್ದದ್ದು ಸಂತೆಯ ಅರಬ್ಬಿ. ಎಣ್ಣೆಗೆ ಜೇತ್, ನೀರಿಗೆ ಮೋಯಾ, ಚೆನ್ನಾಗಿದೆ ಎನ್ನಲು ಕುವೈಸ್. ಇಲ್ಲ ಎನ್ನಬೇಕಾದಲ್ಲೆಲ್ಲ ಮಾಫಿ. ಚಿಲ್ಲರೆ ಮಾಫಿ, ದೊಡ್ಡ ಬಾಟಲಿ ಮಾಫಿ. ಬೋಳುತಲೆಯವನಿಗೂ ಎಣ್ಣೆ ಮಾರುವಷ್ಟು ಭಾಷೆ ಐತೆ, ದಾರಿ ತಪ್ಪಿದರೆ ಮನೆ ಕೇಳುವಷ್ಟು ಇಲ್ಲ ಎಂದು ಧರ್ಮಪ್ಪ ಹಂಗಿಸುತ್ತಿದ್ದನಂತೆ.

ಯುದ್ಧ ಶುರುವಾದಾಗ ಆ ಬಡಾವಣೆಯ ಶಾಲೆಯಲ್ಲಿ ಒಂದು ಪಕ್ಷದ ಸೈನಿಕರು ಠಿಕಾಣಿ ಹೂಡಿದರು. ಇನ್ನೊಂದು ಪಕ್ಷದವರು ಊರ ಹೊರಗಿದ್ದರು. ಮೊದಲ ದಿನದ ಗುಂಡಿನ ಸದ್ದಿಗೆ ಎಲ್ಲರೂ ಮಂಚದ ಕೆಳಗೆ ಸೇರಿದರು. ಎರಡನೆಯ ದಿನ ನೀರಿನ ಟ್ಯಾಂಕಿಗೆ ಗುಂಡು ಬಿತ್ತು. ಮೂರನೆಯ ದಿನ ಮಸೀದಿ ಪಕ್ಕದ ಕೈಪಂಪು ಹೋಯಿತು, ನಾಲ್ಕನೆಯ ದಿನ ಸಂತೆಮಾಳದ ಪಂಪು. ಉಳಿದದ್ದು ಓಣಿಯ ಕೊನೆಯ ಬಾವಿಯೊಂದೇ. ಅದರ ಸುತ್ತ ಎರಡು ದಿನ ಒಂದು ಗುಂಡೂ ಹಾರಲಿಲ್ಲ.

ದೇವರು ಅದೊಂದನ್ನು ಉಳಿಸಿದ ಎಂದು ಓಣಿಯವರು ಕೈ ಮುಗಿದರು. ಚೌಡಕ್ಕ ಕೈ ಮುಗಿಯಲಿಲ್ಲ. ಜನ ಒಬ್ಬೊಬ್ಬರಾಗಿ ಬಾವಿಗೆ ಹೋಗಿ ಬರತೊಡಗಿದ್ದರು. ಶಾಲೆಯಲ್ಲಿದ್ದ ಸೈನಿಕರೂ ಡಬ್ಬ ಹಿಡಿದು ಹೊರಬಿದ್ದರು.

"ನಮ್ಮಪ್ಪ ಮಾಡ್ತಿದ್ನಲ್ರೀ, ಅದೇ ಕೆಲಸ," ಎಂದಳು ಸಂತೆಯಲ್ಲಿ ನನ್ನ ಹತ್ತಿರ. "ಮುಳ್ಳು ಹಾಕಿದ್ರು, ಒಂದು ಬಿಟ್ಟಿದ್ರು. ಮೂರನೇ ದಿನ ಬಲೆ ಬೀಳ್ತೈತೆ ಅಂತ ನಂಗೆ ಗೊತ್ತಿತ್ತು. ಹೇಳಾಕೆ ಮಾತಿರ್ಲಿಲ್ಲ."

ಬಾವಿಯೊಂದೇ ಉಳಿದ ಮೇಲಿನ ಮೂರನೆಯ ದಿನ ಬೆಳಿಗ್ಗೆ ಹವಾ ಕೊಡ ತೆಗೆದುಕೊಂಡು ಹೊಸ್ತಿಲು ದಾಟುತ್ತಿದ್ದಳು. ಚೌಡಕ್ಕ ಓಡಿಹೋಗಿ ಅವಳ ಕೈ ಹಿಡಿದಳು. ಹೋಗಬೇಡ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಬಂದದ್ದು ಎರಡೇ ಶಬ್ದ. ಮೋಯಾ ಮಾಫಿ, ಮೋಯಾ ಮಾಫಿ ಎಂದಳು. ನೀರು ಬೇಡ ಎಂದು ಅವಳ ಅರ್ಥ.

ಹವಾಳಿಗೆ ಕೇಳಿಸಿದ್ದು ನಮ್ಮಲ್ಲಿ ನೀರಿಲ್ಲ ಎಂದು. ಅವಳು ನಕ್ಕಳು. ಚೌಡಕ್ಕನ ಕೆನ್ನೆ ತಟ್ಟಿ ಒಳಗೆ ಬಂದಳು, ಮೂಲೆಯಲ್ಲಿದ್ದ ಇವರ ಖಾಲಿ ಕ್ಯಾನನ್ನೂ ಎತ್ತಿಕೊಂಡಳು. ಚೌಡಕ್ಕ ಕ್ಯಾನು ಕಿತ್ತುಕೊಳ್ಳಲು ನೋಡಿದಳು. ಬಾಡಿಗೆಯವಳು ಸಂಕೋಚಪಡುತ್ತಿದ್ದಾಳೆ ಎಂದುಕೊಂಡು ಹವಾ ಇನ್ನೂ ಗಟ್ಟಿಯಾಗಿ ನಕ್ಕು ಹೊರಟೇಹೋದಳು.

ಕಾಲು ಗಂಟೆಯೊಳಗೆ ಬಾವಿಯ ಕಡೆಯಿಂದ ಗುಂಡಿನ ಸದ್ದು ಬಂತು. ಒಂದೇ ಸಮನೆ, ಬಹಳ ಹೊತ್ತು. ನೀರಿಗೆ ಬಂದ ಸೈನಿಕರಿಗೆ ಊರ ಹೊರಗಿನವರು ಇಟ್ಟ ಗುರಿ ಅದು, ಕೊಡ ಹಿಡಿದ ಹೆಂಗಸರು ನಡುವೆ ಇದ್ದರು. ಹವಾ ಬರಲಿಲ್ಲ. ಸಂಜೆ ಶಾಲೆಯಲ್ಲಿದ್ದವರು ನೀರಿಲ್ಲದೆ ಬಡಾವಣೆ ಬಿಟ್ಟು ಓಡಿದರು, ಹೊರಗಿದ್ದವರು ಒಳಗೆ ಬಂದರು. ನಕ್ಷೆಯಲ್ಲಿ ಇದು ಒಂದು ಬಾಣ.

ಬಾವಿಯ ಹತ್ತಿರ ಹೋಗಿ ನೋಡಲು ಯಾರೂ ಬಿಡಲಿಲ್ಲ. ಆರು ದಿನದ ಮೇಲೆ ಗಂಡ ಹೆಂಡತಿಯನ್ನು ಕರೆದೊಯ್ಯಲು ಬಸ್ಸು ಬಂತು, ಆಮೇಲೆ ಹಡಗು, ವಿಮಾನ. ದಾವಣಗೆರೆಯಲ್ಲಿ ರೈಲಿನಿಂದ ಇಳಿದಾಗ ಹಾರದ ಜೊತೆ ಪ್ರಶ್ನೆಗಳು. ಬಾಂಬ್ ಸದ್ದು ಹೇಗಿತ್ತು? ಸಾಮಾನೆಲ್ಲ ಅಲ್ಲೇ ಹೋಯಿತಾ? ಯಾರ ಮನೆಯಲ್ಲಿದ್ದೆ, ಅವರು ಏನಾದರು ಎಂದು ಒಬ್ಬರೂ ಕೇಳಲಿಲ್ಲ. ಕ್ಯಾಮೆರಾ ಹಿಡಿದವರೂ ಕೇಳಲಿಲ್ಲ, ಅಂಕಣ ಬರೆಯುವ ನಾವೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಅವಳು ಮೊದಲು ಹೋದದ್ದು ಹೊನ್ನಾಳಿಗೆ. ಅಲ್ಲಿ ಮದರಸಾದ ಗುರುಗಳೊಬ್ಬರ ಮುಂದೆ ನಿಂತು, ಹೋಗಬೇಡ ಎನ್ನಲು ಅರಬ್ಬಿಯಲ್ಲಿ ಏನಂತಾರೆ ಎಂದು ಕೇಳಿದಳು. ಅವರು ಹೇಳಿಕೊಟ್ಟರು. ಪುಟ್ಟ ಮಾತು. ಅವಳು ಅಲ್ಲೇ ನಿಂತು ಅದನ್ನು ಮತ್ತೆ ಮತ್ತೆ ಹೇಳಿ ನೋಡಿದಳಂತೆ. ಆಮೇಲೆ ಆಮ್ನಾಳಿಗೆ ಒಂದು ಸಂದೇಶವನ್ನು ಅವರ ಕೈಯಲ್ಲೇ ಬರೆಸಿದಳು: ನಿನ್ನ ತಾಯಿ ನನ್ನ ಮಾತು ಕೇಳಿ ನನ್ನ ಪಾಲಿನ ನೀರಿಗೂ ಹೋದಳು, ನಾನು ತಡೆಯಲು ಆಡಿದ ಮಾತು ಅದು. ಹವಾ ಕೊಟ್ಟಿದ್ದ ಮಗಳ ನಂಬರಿಗೆ ಆ ಸಂದೇಶ ಇವತ್ತಿಗೂ ಮುಟ್ಟಿಲ್ಲ. ಫೋನೂ ಹತ್ತುವುದಿಲ್ಲ.

ನಿನ್ನ ತಪ್ಪೇನಿದೆ ಚೌಡಕ್ಕ ಎಂದುಬಿಟ್ಟೆ. ಅವಳು ಎಣ್ಣೆಯ ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ತಪ್ಪಿಲ್ಲ ಅಂತ ಹೇಳಾಕೆ ನೀವ್ಯಾರ್ರೀ? ನಮ್ಮ ಕಡೆ ಮಾಫಿ ಅಂದ್ರೆ ಕ್ಷಮೆ. ಅದನ್ನ ಕೊಡಾದು ಬಿಡಾದು ಹವಾ ಮಗಳ ಕೈಲೈತೆ. ನಿಮ್ಮದಲ್ಲ."

ಆಮ್ನಾ ಬದುಕಿದ್ದರೆ ಎಲ್ಲಿದ್ದಾಳೋ ತಿಳಿಯದು. ಆದರೆ ಚನ್ನಗಿರಿ, ಹೊನ್ನಾಳಿಯ ಎಷ್ಟೋ ಮನೆಗಳವರು ದುಬೈ, ಜೆಡ್ಡಾ, ದೋಹಾಗಳಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಅವರ ಪಕ್ಕದಲ್ಲೇ ಸುಡಾನಿನವರೂ ದುಡಿಯುತ್ತಾರೆ. ನಿಮ್ಮವರೊಬ್ಬರು ಅಲ್ಲಿದ್ದರೆ ಈ ಪತ್ರಿಕೆ ಮಡಚಿಡಿ, ಈಗಲೇ ಫೋನ್ ಮಾಡಿ. ಉಮ್ ಸಿದ್ರಾದ ಹವಾಳ ಮಗಳು ಆಮ್ನಾಳನ್ನು ಬಲ್ಲವರು ಇದ್ದಾರಾ ಎಂದು ವಿಚಾರಿಸಲು ಹೇಳಿ.